ಗಾಳಿಗೆ ಕಟ್ಟಿದ ಊರು

ಪರ್ಷಿಯಾದ ಕಟ್ಟಡ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ನೀಲಿ ಗುಮ್ಮಟ. ಆ ಆಸೆಯಲ್ಲಿ ಇರಾನಿನ ಯಜ್ದ್ ಊರಿನ ಹಳೇ ಓಣಿಗೆ ಕಾಲಿಟ್ಟರೆ ಸಿಗುವುದು ಬರೀ ಗೋಡೆ. ಆ ಕಡೆ ಮಣ್ಣಿನ ಗೋಡೆ, ಈ ಕಡೆ ಮಣ್ಣಿನ ಗೋಡೆ. ಓಣಿಯ ಕಡೆಗೆ ಕಿಟಕಿಯೂ ಇಲ್ಲ. ಮಣ್ಣಿಗೆ ಒಣಹುಲ್ಲು ಕಲಸಿ ಮೆತ್ತಿರುತ್ತಾರೆ. ಬಿಸಿಲು ಬಿದ್ದಾಗ ಹುಲ್ಲಿನ ಎಳೆಗಳು ಮಿಂಚುತ್ತವೆ, ಅಷ್ಟೇ ಅಲಂಕಾರ.

ಒಳಗೆ ಇರುವವರು ಬಡವರೋ ಸಾಹುಕಾರರೋ ಹೊರಗಿನಿಂದ ಗೊತ್ತಾಗುವುದಿಲ್ಲ. ಹಳೇ ಬಾಗಿಲುಗಳು ಮಾತ್ರ ಸ್ವಲ್ಪ ಬಾಯಿ ಬಿಡುತ್ತವೆ. ಒಂದು ಕದಕ್ಕೆ ದಪ್ಪ ಕಬ್ಬಿಣದ ತುಂಡು, ಇನ್ನೊಂದಕ್ಕೆ ತೆಳ್ಳನೆಯ ಬಳೆ. ಗಂಡಸರು ಬಂದರೆ ದಪ್ಪದ್ದನ್ನು ಬಡಿಯಬೇಕು, ಹೆಂಗಸರು ಬಳೆಯನ್ನು. ಸದ್ದು ಕೇಳಿಯೇ ಬಾಗಿಲು ತೆಗೆಯಲು ಯಾರು ಏಳಬೇಕು ಅನ್ನುವುದು ಒಳಗೆ ತೀರ್ಮಾನವಾಗುತ್ತಿತ್ತು. ಸಾಲ ವಸೂಲಿಗೆ ಬಂದವರಿಗೂ ಒಂದು ಬೇರೆ ಸದ್ದು ಇಟ್ಟಿದ್ದರೆ ಎಷ್ಟೋ ಮನೆಗಳಿಗೆ ಅನುಕೂಲವಾಗುತ್ತಿತ್ತು.

ಹಾಗಾದರೆ ಈ ಊರಿನವರಿಗೆ ದೊಡ್ಡಸ್ತಿಕೆ ತೋರಿಸುವ ಚಪಲವೇ ಇರಲಿಲ್ವಾ? ಇತ್ತು. ಮಾಳಿಗೆ ಹತ್ತಿ ನೋಡಿದರೆ ತಿಳಿಯುತ್ತದೆ. ಕಣ್ಣು ಹಾಯಿಸಿದಷ್ಟು ದೂರವೂ ಬಾದ್‌ಗೀರ್‌ಗಳು, ಅಂದರೆ ಗಾಳಿ ಹಿಡಿಯುವ ಗೋಪುರಗಳು. ಇದ್ದವರ ಮನೆಯ ಗೋಪುರ ಎತ್ತರ, ಇಲ್ಲದವರದ್ದು ಗಿಡ್ಡ. ದೌಲತಾಬಾದ್ ತೋಟದ್ದು ಎಲ್ಲಕ್ಕಿಂತ ಎತ್ತರ, ಸುಮಾರು 33 ಮೀಟರ್. 18ನೇ ಶತಮಾನದಲ್ಲಿ ಊರು ಆಳುತ್ತಿದ್ದವರು ಕಟ್ಟಿಸಿದ್ದು. ಗಾಳಿಯನ್ನೂ ಅಂತಸ್ತಿನ ಲೆಕ್ಕಕ್ಕೆ ಸೇರಿಸಿದ ಜನ ಇವರೇ ಇರಬೇಕು.

ಆದರೆ ಜಂಬ ಕೆಲಸಕ್ಕೆ ಬರುವ ಜಂಬ. ಗೋಪುರದ ತಲೆಯಲ್ಲಿ ಸುತ್ತಲೂ ಉದ್ದುದ್ದ ಕಂಡಿಗಳು. ಒಳಗೆ ಇಟ್ಟಿಗೆಯ ತೆಳು ಅಡ್ಡಗೋಡೆಗಳು ಅದನ್ನು ಕೊಳವೆಗಳಾಗಿ ಸೀಳುತ್ತವೆ. ಗಾಳಿ ಬೀಸುವ ಕಡೆಯ ಕೊಳವೆಯಿಂದ ಗಾಳಿ ಕೆಳಗಿಳಿಯುತ್ತದೆ, ಎದುರು ಕಡೆಯದರಿಂದ ಕೋಣೆಯ ಸೆಖೆ ಮೇಲೆ ಹೋಗುತ್ತದೆ. ಗಾಳಿಯೇ ಇಲ್ಲದ ದಿನ ಬಿಸಿಲಿಗೆ ಕಾದ ಗೋಪುರ ತಾನೇ ಒಳಗಿನ ಬಿಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗೋಪುರದ ಬುಡಕ್ಕೆ ಒಂದು ನೀರಿನ ತೊಟ್ಟಿ ಇದ್ದರಂತೂ ಸುಖವೋ ಸುಖ. ನೀರು ಸವರಿಕೊಂಡು ಬಂದ ಗಾಳಿ ತಣ್ಣಗೆ ಮೈಗೆ ತಾಗುತ್ತದೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಗೋಪುರದಿಂದ ಮುಳ್ಳಿನ ಹಾಗೆ ಚಾಚಿಕೊಂಡಿರುವ ಮರದ ಗಳಗಳು ಸುಮ್ನೆ ಅಂದಕ್ಕಲ್ಲ. ಗೋಡೆಗೆ ಬಿಗಿ ಕೊಡುತ್ತವೆ, ರಿಪೇರಿಗೆ ಹತ್ತುವವನಿಗೆ ಮೆಟ್ಟಿಲೂ ಆಗುತ್ತವೆ.

ಇನ್ನು ನೀರು. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಕಾಣದ ಊರಿಗೆ ತೊಟ್ಟಿ ತುಂಬುವ ನೀರು ಎಲ್ಲಿಂದ? ನೆಲದ ಕೆಳಗಿಂದ. ಬೆಟ್ಟದ ಬುಡದಲ್ಲಿ ಆಳದ ಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನ ಸುರಂಗ ಕೊರೆದು ಮೈಲಿಗಟ್ಟಲೆ ನೀರು ತರುತ್ತಾರೆ. ಇದು ಕನಾತ್. ಏತ ಬೇಡ, ಪಂಪು ಬೇಡ. ತೋಡುವವರು ಬಿಳಿ ಬಟ್ಟೆ ಹಾಕಿಕೊಂಡು ಕತ್ತಲಿಗೆ ಇಳಿಯುತ್ತಿದ್ದರು. ಜಾಮೆ ಮಸೀದಿಗೆ ಹೋದವರೆಲ್ಲ ಕತ್ತು ಮೇಲೆತ್ತಿ ಜೋಡಿ ಮಿನಾರು, ಬಾಗಿಲ ಕಮಾನಿನ ನೀಲಿ ಟೈಲ್ಸ್ ನೋಡುತ್ತಾರೆ. ನೋಡಬೇಕಾದದ್ದೇ ಬಿಡಿ. ಆದರೆ ಅದರ ಅಂಗಳದ ಅಡಿಯಲ್ಲೇ ಜಾರ್ಚ್ ಕನಾತ್ ಹಾದುಹೋಗುತ್ತದೆ, ಅದಕ್ಕೆ ಇಳಿಯಲು ಮೆಟ್ಟಿಲೂ ಇದೆ. ನನಗೆ ಮಿನಾರಿಗಿಂತ ಆ ಮೆಟ್ಟಿಲು ಹೆಚ್ಚು ಹಿಡಿಸಿತು.

ಬೀದರ್‌ನವರಿಗೆ ಇದು ತೀರಾ ಹೊಸದೇನಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇದೇ ವಿದ್ಯೆ ಅಲ್ಲಿಗೂ ಬಂತು. ಅಲ್ಲಿನ ನೌಬಾದಿನ ಕರೇಜ್, ಅಂದರೆ ನೀರಿನ ಸುರಂಗ, ಇದರ ಒಡಹುಟ್ಟು. ಇರಾನಿನ ಗೀಲಾನ್ ಕಡೆಯಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಅಳಿದುಳಿದ ನೀಲಿ ಟೈಲ್ಸ್ ಇವತ್ತಿಗೂ ಇವೆ. ನಾವು ಟೈಲ್ಸ್ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು, ಕರೇಜಿನಲ್ಲಿ ಬಹುಕಾಲ ಹೂಳು ತುಂಬಲು ಬಿಟ್ಟೆವು.

2017ರಲ್ಲಿ ಯುನೆಸ್ಕೊ ಯಜ್ದ್ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಮಣ್ಣಿನ ಮನೆ ಬಿಟ್ಟು ಹೊಸ ಬಡಾವಣೆಗೆ ಹೋಗಿಯಾಗಿತ್ತು. ಅವರನ್ನು ದೂರುವುದು ಸುಲಭ, ಮಾಳಿಗೆಯ ಚಹಾ ಅಂಗಡಿಯಲ್ಲಿ ಕೂತ ನನ್ನಂಥ ಪ್ರವಾಸಿಗೆ ಇನ್ನೂ ಸುಲಭ. ಮಳೆ ಬಂದರೆ ಗೋಡೆಗೆ ಮತ್ತೆ ಮಣ್ಣು ಮೆತ್ತುವ ಕಷ್ಟ ನನಗೇನು ಗೊತ್ತು? ಈಗ ಬಾದ್‌ಗೀರ್‌ಗಳ ಪಕ್ಕದಲ್ಲೇ ತಗಡಿನ ಕೂಲರ್‌ಗಳು ಕೂತಿವೆ. ಒಳಗೆ ನಡೆಯುವುದು ಹೆಚ್ಚುಕಡಿಮೆ ಅದೇ ಹಳೇ ಕೆಲಸ, ಗಾಳಿಯನ್ನು ನೀರಿಗೆ ತಾಗಿಸಿ ಮನೆಯೊಳಗೆ ಬಿಡುವುದು. ಕರೆಂಟು ಬೇಕು, ಗಡಗಡ ಸದ್ದು ಬೇರೆ. ಅದರ ಫೋಟೋವನ್ನು ಮಾತ್ರ ಅಲ್ಲಿ ಯಾರೂ ತೆಗೆಯುತ್ತಿರಲಿಲ್ಲ.