ಬ್ರಹ್ಮಚಾರಿಗಳ ಪಾದಯಾತ್ರೆಯೂ ಬಾರದ ಮಾವನೂ

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಹೊರಟ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಯಾರಿಗೆ ನೆನಪಿಲ್ಲ? 30 ದಾಟಿದರೂ ಹೆಣ್ಣು ಸಿಗದ ಗಂಡಸರ ಯಾತ್ರೆ. ತಮ್ಮ ಬ್ರಹ್ಮಚರ್ಯ ಬೇಗ ಕೆಡಲಿ ಎಂದು ದೇವರಿಗೆ ಹರಕೆ ಹೊತ್ತ ಬ್ರಹ್ಮಚಾರಿಗಳು!

ಲೆಕ್ಕಕ್ಕೆ ಬ್ರಹ್ಮಚಾರಿ ಎಂದರೆ ಗುರುಕುಲದ ವಿದ್ಯಾರ್ಥಿ. ಮೌಂಜಿ ಎಂಬ ಹುಲ್ಲಿನ ಉಡಿದಾರ, ದಂಡ, ಭಿಕ್ಷೆಯ ಅನ್ನ. ಓದು ಮುಗಿದರೆ ಸಮಾವರ್ತನೆ ಎಂಬ ಬೀಳ್ಕೊಡುಗೆ, ಆಮೇಲೆ ಮದುವೆ. ಬ್ರಾಹ್ಮಣರ ಮದುವೆಗಳಲ್ಲಿ ಈ ನಾಟಕ ಇನ್ನೂ ನಡೆಯುತ್ತದೆ. ವರ ಛತ್ರಿ, ಕೋಲು ಹಿಡಿದು, ಚಪ್ಪಲಿ ಮೆಟ್ಟಿ ಕಾಶಿಗೆ ಹೊರಡುತ್ತಾನೆ. ಕಾಶಿ ಎಂದರೆ ಹೆಚ್ಚೆಂದರೆ ಛತ್ರದ ಗೇಟು. ಹೆಣ್ಣಿನ ತಂದೆ ಅಡ್ಡ ಬಂದು, ‘ನಿಲ್ಲಪ್ಪಾ, ಮಗಳನ್ನ ಕೊಡ್ತೀನಿ’ ಅನ್ನಬೇಕು. ಫೋಟೋದವನು ‘ಇನ್ನೊಂದ್ಸಲ ಸರ್’ ಅಂದರೆ ಕಾಶಿಗೆ ಮತ್ತೊಮ್ಮೆ ಹೊರಡಬೇಕು. ಕೆ.ಎಂ. ದೊಡ್ಡಿಯವರು ಸುಮಾರು ನೂರು ಕಿಲೋಮೀಟರ್ ನಡೆದರು. ಅಡ್ಡ ಬಂದ ಮಾವ ಒಬ್ಬನೂ ಇಲ್ಲ.

ಇದೇ ಗಂಡಸು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರೆ ಬ್ರಹ್ಮಚಾರಿ ಪಟ್ಟ ಹೋಗಿ ‘ಬ್ಯಾಚುಲರ್’ ಆಗುತ್ತಾನೆ. ಅವನ ವ್ರತ ಯಾರಿಗೂ ಬೇಡ. ‘ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡಿನ ಮುಂದೆ ನಿಂತು ಫೋನ್ ಮಾಡಿದರೆ ಮಾಲೀಕರದು ಒಂದೇ ಪ್ರಶ್ನೆ: ‘ಎಷ್ಟು ಜನ? ಮದುವೆ ಆಗಿದೆಯಾ?’ ಬ್ರಹ್ಮಚಾರಿ ಶತಮರ್ಕಟ ಎಂಬ ಗಾದೆಯನ್ನು ಅಕ್ಷರಶಃ ನಂಬಿ ಬದುಕುವವರು ಅವರೊಬ್ಬರೇ.

ಮದುವೆಯಾಗದ ಹೆಂಗಸರ ಪಾಲಿಗೆ ಇಷ್ಟು ಹೆಸರೂ ಇಲ್ಲ. ‘ಬ್ರಹ್ಮಚಾರಿಣಿ’ ನವರಾತ್ರಿಯ ಎರಡನೆಯ ದಿನ ಪೂಜೆ ಮಾಡಿಸಿಕೊಂಡು ಹೋಗುತ್ತಾಳೆ. ‘ಕನ್ಯೆ’ ದಾನಕ್ಕೂ ರಾಶಿಗೂ ಮೀಸಲು. 35ರ ಲೆಕ್ಚರರ್ ಒಬ್ಬಳಿಗೆ ಊರಲ್ಲಿ ಇರುವ ಬಿರುದು ‘ಇನ್ನೂ ಆಗಿಲ್ವಂತೆ’. ಅರ್ಜಿ ಫಾರಂನಲ್ಲಿ ಗಂಡಸು ಹುಟ್ಟಿದಾಗಿನಿಂದ ಸಾಯುವವರೆಗೂ ‘ಶ್ರೀ’. ಅವಳು ಮಾತ್ರ ಕುಮಾರಿಯೋ ಶ್ರೀಮತಿಯೋ ಎಂದು ಕೌಂಟರಿನವರಿಗೆ ವರದಿ ಒಪ್ಪಿಸಬೇಕು, ಅದು ನೀರಿನ ಕನೆಕ್ಷನ್ನಿನ ಅರ್ಜಿಯಾದರೂ. ಲಗ್ನಪತ್ರಿಕೆಯಲ್ಲಂತೂ ವರ ಬರಿಯ ಚಿರಂಜೀವಿ. ತಾಳಿ ಕಟ್ಟುವ ಮೊದಲೇ ಅವಳ ಹೆಸರಿನ ಹಿಂದೆ ‘ಚಿ|| ಸೌ||’. ಸೌಭಾಗ್ಯ ಅಡ್ವಾನ್ಸ್ ಬುಕಿಂಗ್.

ಬ್ರಿಟಿಷರೂ ಕಡಿಮೆಯಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆಯ ಅನುಬಂಧದಲ್ಲಿ ಮದುವೆ ನೋಟಿಸಿನ ಮಾದರಿ ಇದೆ. ಅದರಲ್ಲಿ ವರ ‘ವಿಧುರ’, ವಧು ‘ಸ್ಪಿನ್‌ಸ್ಟರ್’. ಮದುವೆಯಾಗದವಳು ಎಂದರ್ಥ; ನೂಲುವವಳು ಎಂಬುದು ಆ ಪದದ ಹುಟ್ಟು. ಇಂಗ್ಲೆಂಡಿನವರೇ 2005ರಲ್ಲಿ ಬ್ಯಾಚುಲರ್, ಸ್ಪಿನ್‌ಸ್ಟರ್ ಎರಡನ್ನೂ ನೋಂದಣಿಯಿಂದ ತೆಗೆದು ‘ಸಿಂಗಲ್’ ಮಾಡಿದರು. ನಮ್ಮ ಕಾಯ್ದೆಯಲ್ಲಿ ಅವಳು ಇನ್ನೂ ನೂಲುತ್ತಿದ್ದಾಳೆ. ಇದ್ದುದರಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ವಾಸಿ: ಗಂಡೂ ಹೆಣ್ಣೂ ‘ಅವಿವಾಹಿತ’ರೆಂದು ಒಂದೇ ಮಾತಿನಲ್ಲಿ ಸಹಿ ಹಾಕಬಹುದು. ಆದರೆ ಆ ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸಿ, ತಕರಾರಿದ್ದವರು ಬನ್ನಿ ಎಂದು 30 ದಿನ ಕಾಯುತ್ತಾರೆ.

ಪಾದಯಾತ್ರೆ ನಡೆದ ವರ್ಷದ ಏಪ್ರಿಲ್‌ನಲ್ಲಿ, ಚುನಾವಣೆ ಹೊತ್ತಿಗೆ, ಕುಮಾರಸ್ವಾಮಿಯವರು ಕೋಲಾರದಲ್ಲಿ ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ಕೊಡುವ ಭರವಸೆ ಕೊಟ್ಟರು. ಹುಡುಗಿಯರಿಗೆ ಸಗಣಿ ಬಾಚುವುದು ಬೇಡವಂತೆ, ಓದಿ ಕೊಬ್ಬಿದ್ದಾರಂತೆ ಎಂದು ಜಗಲಿಯ ಮೇಲೆ ತೀರ್ಪೂ ಬಂತು.

ನವೆಂಬರ್‌ನಲ್ಲಿ ಏನಾಯಿತು? ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಬೆಲ್ಲ ಬೇಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು 1994ರದು. ಯಂತ್ರ ನೋಂದಣಿಯಾಗಿರಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ‘ಎಫ್’ ಫಾರಂ ತುಂಬಬೇಕು, ಈಗಾಗಲೇ ಎಷ್ಟು ಮಕ್ಕಳು, ಗಂಡೆಷ್ಟು ಹೆಣ್ಣೆಷ್ಟು ಎಂದು ಬರೆಯಬೇಕು. ಆಲೆಮನೆಯಲ್ಲಿ ಫಾರಂ ತುಂಬುವವರು ಯಾರು? 2001ರ ಜನಗಣತಿಯಲ್ಲೇ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 946 ಹೆಣ್ಣು. ಪಾದಯಾತ್ರೆಯ ವರ್ಷ ಮದುವೆಯ ವಯಸ್ಸಿನಲ್ಲಿ ಇರಬೇಕಾಗಿದ್ದವರು ಇವರೇ. ಹುಟ್ಟಲು ಬಿಡದೆ ಕೊಂದು, ಈಗ ಬರಲಿಲ್ಲ ಅಂತ ಅವರನ್ನೇ ಬೈಯುತ್ತೀರಲ್ಲ, ನಾಚಿಕೆ ಬೇಡವೇ?

ಅಂದಹಾಗೆ, ಆ 2 ಲಕ್ಷದ ಅರ್ಜಿ ಬಂದರೆ ಅದರಲ್ಲೂ ಒಂದು ಕಾಲಂ ಗ್ಯಾರಂಟಿ: ಕುಮಾರಿ / ಶ್ರೀಮತಿ, ಅನ್ವಯಿಸದ್ದನ್ನು ಹೊಡೆದುಹಾಕಿ.