ಕಾಯಿರಿ, ಇನ್ನೇನು ಬಂದೇಬಿಡುತ್ತದೆ

ಟ್ಯಾಬ್ಲೆಟ್ ಈಗಲೇ ತಗೊಳ್ಳಲಾ, ಇಲ್ಲ ಮುಂದಿನ ಮಾಡೆಲ್ ಬರುವ ತನಕ ಕಾಯಲಾ ಎಂದು ಯಾರೇ ಕೇಳಲಿ, ನನ್ನ ಉತ್ತರ ಒಂದೇ. ಕಾಯಿರಿ. ಯಾವ ತಿಂಗಳಲ್ಲಿ ಕೇಳಿದರೂ ಇದೇ ಉತ್ತರ. ಯಾವ ಕಂಪನಿಯದ್ದಾದರೂ ಇದೇ ಉತ್ತರ. ಹೀಗೆ ಸಲಹೆ ಕೊಡಲು ಟ್ಯಾಬ್ಲೆಟ್ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಅದೇ ಇದರ ದೊಡ್ಡ ಅನುಕೂಲ.

ಬೇಕಾದರೆ ಲೆಕ್ಕ ಹಾಕಿ ನೋಡಿ. ಹೊಸ ಮಾಡೆಲ್ ನಿನ್ನೆ ಬಿಡುಗಡೆ ಆಯಿತು ಅಂದುಕೊಳ್ಳಿ. ಇವತ್ತೇ ಕೊಳ್ಳಬಾರದು, ಮೊದಲ ಬ್ಯಾಚಿನಲ್ಲಿ ಏನಾದರೂ ಎಡವಟ್ಟು ಇದ್ದೇ ಇರುತ್ತದೆ. ಎರಡು ತಿಂಗಳು ಕಳೆಯಿತು. ಈಗಲೂ ಬೇಡ, ಒಂದು ಅಪ್‌ಡೇಟ್ ಬರಲಿ, ಎಲ್ಲ ಸರಿಹೋಗಲಿ. ನಾಲ್ಕು ತಿಂಗಳಾಯಿತು. ಇನ್ನೇನು ಬೆಲೆ ಇಳಿಯುವ ಹೊತ್ತು, ಈಗ ಪೂರ್ತಿ ದುಡ್ಡು ಕೊಡುವವನು ಪೆದ್ದ. ಆರು ತಿಂಗಳಿಗೆ ಬೆಲೆ ಇಳಿಯಿತು. ಯಾಕೆ ಇಳಿಯಿತು? ಹೊಸದು ಬರುತ್ತಿದೆ ಅಂತಲೇ ಅಲ್ವಾ? ಹಾಗಾದರೆ ಈಗ ತಗೊಂಡರೆ ಹಳೇ ಸಾಮಾನು ಮನೆಗೆ ತಂದ ಹಾಗೆ. ಹತ್ತನೇ ತಿಂಗಳಲ್ಲಿ ಕೊಳ್ಳುವ ಮಾತೇ ಎತ್ತಬೇಡಿ, ನಿಮ್ಮ ಜೊತೆ ಓಡಾಡುವವರಿಗೂ ಅವಮಾನ. ಅಂತೂ ಹೊಸದು ಬಂತು. ಯಾವಾಗ ಬಂತು? ನಿನ್ನೆ. ಅದು ಮೊದಲ ಬ್ಯಾಚು.

ಹೀಗೆ ವರ್ಷದ 365 ದಿನದಲ್ಲಿ ಟ್ಯಾಬ್ಲೆಟ್ ಕೊಳ್ಳಲು ಒಂದಾದರೂ ಒಳ್ಳೆಯ ದಿನ ಇಲ್ಲ. ಆದರೂ ಕಂಪನಿಗಳು ಕೋಟಿಗಟ್ಟಲೆ ಮಾರುತ್ತವೆ. ಯಾರು ಕೊಳ್ಳುತ್ತಾರೋ, ಅವರು ಯಾರನ್ನು ಕೇಳಿ ಕೊಳ್ಳುತ್ತಾರೋ, ದೇವರೇ ಬಲ್ಲ.

ಕೆಲವು ಬುದ್ಧಿವಂತರು ನನ್ನ ಮಾತು ಒಪ್ಪುವುದಿಲ್ಲ. “ನಿಜವಾಗಿ ಬೇಕಿದ್ದರೆ ಈಗಲೇ ತಗೊಳ್ಳಿ, ಇಲ್ಲದಿದ್ದರೆ ಕಾಯಿರಿ” ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಿಜವಾಗಿ ಬೇಕಿದ್ದವನು ನಿಮ್ಮ ಹತ್ತಿರ ಕೇಳಲು ಯಾಕೆ ಬರುತ್ತಾನೆ ಸ್ವಾಮಿ? ಅವನು ಆಗಲೇ ತಗೊಂಡು, ಪರದೆಗೆ ಒಂದು ಗೀರೂ ಬೀಳಿಸಿಕೊಂಡು ಆರಾಮಾಗಿರುತ್ತಾನೆ. ಕೇಳಲು ಬರುವವರು ನಮ್ಮಂಥವರು. ನಮ್ಮ ಬೇಕುಗಳನ್ನು ಸ್ವಲ್ಪ ಕೆದಕಿ ನೋಡಿ.

“ಟ್ಯಾಬ್ ಯಾಕೆ ಸಾರ್ ಬೇಕು?”

“ಓದೋಕೆ, ನೋಟ್ಸ್ ಬರೆಯೋಕೆ, ಚಿತ್ರ ಬಿಡಿಸೋಕೆ.”

“ಓ, ಚಿತ್ರ ಬಿಡಿಸ್ತೀರಾ?”

“ಇಲ್ಲ, ಟ್ಯಾಬ್ ಬಂದ್ಮೇಲೆ.”

ಟ್ಯಾಬ್ ಬಂದ ಮೇಲೆ ಇವರು ಚಿತ್ರ ಬಿಡಿಸುತ್ತಾರೆ. ವಿಡಿಯೊ ಎಡಿಟ್ ಮಾಡುತ್ತಾರೆ. ಹೊಸ ಭಾಷೆ ಕಲಿಯುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಇಷ್ಟೆಲ್ಲ ಹೊರಬೇಕಾದ ಯಂತ್ರ ಈಗಿನ ಚಿಪ್ಪಿನಲ್ಲಿ, ಅಂದರೆ ಟ್ಯಾಬಿನ ಈಗಿನ ಮಿದುಳಿನಲ್ಲಿ, ನಡೆಯುತ್ತದೆಯೇ? ಖಂಡಿತ ಇಲ್ಲ, ಮುಂದಿನದೇ ಆಗಬೇಕು.

ಅವಸರ ಮಾಡಿದವರ ಗತಿ ಏನಾಯಿತು ಎನ್ನುವುದಕ್ಕೆ ಇತಿಹಾಸ ಇದೆ. 2012ರ ಮಾರ್ಚ್‌ನಲ್ಲಿ ಆ್ಯಪಲ್ ಮೂರನೇ ಐಪ್ಯಾಡ್ ತಂದಿತು. ಅದಕ್ಕೆ ನಂಬರ್ ಕೂಡ ಹಾಕಲಿಲ್ಲ, ಹೆಸರೇ ‘ಹೊಸ ಐಪ್ಯಾಡ್’. ಚುಕ್ಕೆಗಳೇ ಕಣ್ಣಿಗೆ ಕಾಣದಷ್ಟು ನುಣುಪಾದ ಪರದೆ. ಜನ ಮುಗಿಬಿದ್ದರು, ಮೊದಲ ನಾಲ್ಕು ದಿನದಲ್ಲೇ 30 ಲಕ್ಷ ಐಪ್ಯಾಡ್ ಮಾರಾಟವಾದವು. ಅದೇ ವರ್ಷ ಅಕ್ಟೋಬರ್ 23ಕ್ಕೆ ನಾಲ್ಕನೇದನ್ನು ಘೋಷಿಸಿದರು. ಹೆಸರಲ್ಲೇ ‘ಹೊಸ’ ಎಂದು ಇಟ್ಟುಕೊಂಡಿದ್ದು ಹಳೇದಾಗಲು ಏಳು ತಿಂಗಳು ಸಾಕಾಯಿತು. ಸಾಲದ್ದಕ್ಕೆ ಚಾರ್ಜಿಂಗ್ ತೂತೂ ಬದಲಾಯಿತು. ಮೂವತ್ತು ಪಿನ್ನಿನ ಅಗಲ ಕೇಬಲ್ ಹೋಗಿ ಲೈಟ್ನಿಂಗ್ ಎಂಬ ಸಣ್ಣದು ಬಂತು. ಮಾರ್ಚ್‌ನಲ್ಲಿ ಕೊಂಡವರ ಟ್ಯಾಬ್ ಅಕ್ಟೋಬರ್ 24ಕ್ಕೆ ಕೆಲಸ ನಿಲ್ಲಿಸಿತೇ? ಇಲ್ಲ. ಹಿಂದಿನ ದಿನ ಹೇಗೆ ಓಡುತ್ತಿತ್ತೋ ಹಾಗೇ ಓಡುತ್ತಿತ್ತು. ಅದೇ ಪರದೆ, ಅದೇ ವೇಗ. ಆದರೆ ಅದನ್ನು ಕಟ್ಟಿಕೊಂಡು ಏನು ಮಾಡುವುದು? ಪಕ್ಕದವನ ಹತ್ತಿರ ನಾಲ್ಕನೇದು ಇದೆ.

ಹಾಗಾದರೆ ಕಾದವರಿಗೆ ಏನು ಸಿಕ್ಕಿತು ಎಂದು ವಿರೋಧಿಗಳು ಕೇಳುತ್ತಾರೆ. ಬಹಳ ಸಿಕ್ಕಿದೆ. ಐಪ್ಯಾಡ್ ಮಿನಿ 4 ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಇನ್ನೇನು ಮುಂದಿನದು ಬರುತ್ತದೆ ಎಂದು ಕೂತವರಿಗೆ ಐದನೇದು ಸಿಕ್ಕಿದ್ದು 2019ರ ಮಾರ್ಚ್‌ನಲ್ಲಿ. ಮೂರೂವರೆ ವರ್ಷ! ಅಷ್ಟರಲ್ಲಿ ಮಗು ಹುಟ್ಟಿ ಶಾಲೆಗೆ ಸೇರುವಷ್ಟಾಯಿತು. 2023ರಲ್ಲಿ ಕಾದವರಿಗಂತೂ ಇಡೀ ವರ್ಷ ಒಂದೂ ಹೊಸ ಐಪ್ಯಾಡ್ ಬರಲಿಲ್ಲ. ಐಪ್ಯಾಡ್ ಪ್ರೊಗೆ ಎಂ3 ಚಿಪ್ ಬರುತ್ತದೆ, ಅದಕ್ಕೇ ಕಾಯುತ್ತೇನೆ ಎಂದವರದ್ದು ಎಲ್ಲಕ್ಕಿಂತ ಉತ್ತಮ ಮಟ್ಟದ ಕಾಯುವಿಕೆ. 2024ರ ಮೇ ತಿಂಗಳಲ್ಲಿ ಎಂ2 ಆದ ಮೇಲೆ ನೇರ ಎಂ4 ಬಂತು. ಎಂ3 ಇರುವ ಐಪ್ಯಾಡ್ ಪ್ರೊ ಹುಟ್ಟಲೇ ಇಲ್ಲ. ಇಲ್ಲದ ಸಾಮಾನಿಗೆ ಇಷ್ಟು ನಿಷ್ಠೆಯಿಂದ ಕಾಯುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಸ್ಯಾಮ್‌ಸಂಗ್ ಕಡೆಯವರೂ ಹಿಂದೆ ಬೀಳಲಿಲ್ಲ. ಟ್ಯಾಬ್ ಎಸ್9 ಮೂರು ಅಳತೆಯಲ್ಲಿ ಬಂದಿತ್ತು, ಕೈಯಲ್ಲಿ ಹಿಡಿಯಲು ಸಣ್ಣದೇ ಚೆನ್ನ, ಎಸ್10ರಲ್ಲಿ ತಗೊಳ್ಳೋಣ ಎಂದು ಕೂತವರಿದ್ದರು. 2024ರಲ್ಲಿ ಎಸ್10 ಬಂತು. ಪ್ಲಸ್ ಒಂದು, ಅಲ್ಟ್ರಾ ಒಂದು. ಎರಡೂ ದೊಡ್ಡವು.

ಕ್ಯಾಲ್ಕುಲೇಟರ್ ಕಥೆ ಗೊತ್ತಲ್ಲ? ಮೊದಲ ಐಪ್ಯಾಡ್ 2010ರಲ್ಲಿ ಬಂದಾಗ ಅದರಲ್ಲಿ ಆ್ಯಪಲ್‌ನ ಕ್ಯಾಲ್ಕುಲೇಟರ್ ಇರಲಿಲ್ಲ. ಕೂಡುವುದು, ಕಳೆಯುವುದು, ಅಷ್ಟೇ. ಬಂದದ್ದು 2024ರಲ್ಲಿ, ಐಪ್ಯಾಡ್ ನಡೆಸುವ ತಂತ್ರಾಂಶ ಐಪ್ಯಾಡ್ ಓಎಸ್ 18ರ ಜೊತೆ. ಹದಿನಾಲ್ಕು ವರ್ಷ. ರಾಮ ವನವಾಸ ಮುಗಿಸಿ ಬರಲು ಹಿಡಿದಷ್ಟೇ ಕಾಲ. ಎರಡು ಮೂರು ಕೂಡಿಸಲು ಅಷ್ಟು ತಾಳ್ಮೆಯಿಂದ ಕಾದವರು ಈ ಭೂಮಿಯ ಮೇಲೆ ಇದ್ದಾರೆ ಎಂದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಪರದೆಯ ಮೇಲೆ ಬರೆಯುವ ಆ್ಯಪಲ್ ಪೆನ್ಸಿಲ್ ವಿಷಯ ಇನ್ನೊಂದು. 2022ರ ಹತ್ತನೇ ತಲೆಮಾರಿನ ಐಪ್ಯಾಡ್‌ಗೆ ಯುಎಸ್‌ಬಿ-ಸಿ ಚಾರ್ಜಿಂಗ್ ತೂತು ಕೊಟ್ಟರು. ಅದಕ್ಕೆ ಹೊಂದುವ ಪೆನ್ಸಿಲ್ ಮಾತ್ರ ಮೊದಲ ತಲೆಮಾರಿನದು, ಲೈಟ್ನಿಂಗ್‌ನದು. ಇಬ್ಬರಿಗೂ ಮಾತುಕತೆ ಇಲ್ಲ. ಮಧ್ಯಸ್ಥಿಕೆಗೆ ಒಂದು ಅಡಾಪ್ಟರ್ ಬೇಕಾಯಿತು. ಇದು ಸರಿಯಿಲ್ಲ, ಕಾಯೋಣ ಎಂದವರಿಗೆ ಮರುವರ್ಷ ಯುಎಸ್‌ಬಿ-ಸಿ ಪೆನ್ಸಿಲ್ ಬಂತು. ನೋಡಿದರೆ ಒತ್ತಿ ಬರೆದಾಗ ಗೆರೆ ದಪ್ಪ ಆಗುವ ಗುಣ ಅದರಲ್ಲಿ ಇಲ್ಲ. ಪರವಾಗಿಲ್ಲ, ಚಿತ್ರ ಬಿಡಿಸುವುದು ಹೇಗೂ ಟ್ಯಾಬ್ ಬಂದ ಮೇಲೆ ತಾನೆ.

ನಾವು ಇಷ್ಟು ಗಟ್ಟಿಯಾಗಿ ಕಾಯಲು ಮುಖ್ಯ ಕಾರಣ, ಮಾಡೆಲ್ ಬರುವ ಮೊದಲೇ ಅದರ ಗುಟ್ಟು ಹೊರಹಾಕುವ ಸೋರಿಕೆ ಸುದ್ದಿಯವರು. ಅವರಿಲ್ಲದಿದ್ದರೆ ನಾವು ಎಂದೋ ಟ್ಯಾಬ್ ಕೊಂಡು ಹಾಳಾಗಿರುತ್ತಿದ್ದೆವು. ಇವರ ವ್ಯಾಕರಣವೇ ಬೇರೆ. ಅದರಲ್ಲಿ ‘ಬರುತ್ತದೆ’ ಎಂಬ ಕ್ರಿಯಾಪದ ಇಲ್ಲ. ‘ಬರಬಹುದು’ ಮಾತ್ರ ಇದೆ. “ಮೂಲಗಳ ಪ್ರಕಾರ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರಬಹುದು, ಆದರೆ ಅಕ್ಟೋಬರ್‌ಗೆ ಹೋಗುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.” ಇಷ್ಟು ಬರೆದರೆ ವರ್ಷ ಪೂರ್ತಿ ನಿಶ್ಚಿಂತೆ. ಮಾರ್ಚ್‌ನಲ್ಲಿ ಬಂದರೆ “ನಾವು ಮೊದಲೇ ಹೇಳಿದ್ದೆವು”. ಬರದಿದ್ದರೆ “ಬಿಡುಗಡೆ ಮುಂದಕ್ಕೆ”. ಕಂಪನಿಯವರು ಬರುತ್ತೇವೆ ಎಂದು ಬಾಯೇ ಬಿಟ್ಟಿರುವುದಿಲ್ಲ, ಆದರೂ ತಡವಾಗಿದೆ ಎಂದು ಬೈಸಿಕೊಳ್ಳುತ್ತಾರೆ. ಕರೆಯದ ಮನೆಗೆ ಊಟಕ್ಕೆ ಹೋಗಿ, ಎಲೆ ಹಾಕಿಲ್ಲ ಎಂದು ಜಗಳ ತೆಗೆದ ಹಾಗೆ.

ಇವರಿಗೆ ಬೆನ್ನೆಲುಬಾಗಿ ನಿಂತವರು ಟ್ಯಾಬಿಗೆ ಹಾಕುವ ಕವರ್ ತಯಾರಿಸುವವರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ್ದು. ಟ್ಯಾಬ್ಲೆಟ್ ಇನ್ನೂ ಲೋಕಕ್ಕೆ ಕಾಣಿಸಿಲ್ಲ, ಅದರ ಕವರ್ ಆಗಲೇ ತಯಾರು. ಕವರಿನಲ್ಲಿ ಕ್ಯಾಮೆರಾ ತೂತು ಒಂದು ಕೂದಲೆಳೆ ಆಚೆ ಸರಿದಿದ್ದರೆ ಸಾಕು, ಅದರ ಮೇಲೆ ಹತ್ತು ನಿಮಿಷದ ವಿಡಿಯೊ. ತೂತನ್ನು ನೋಡಿ ಇಡೀ ಯಂತ್ರದ ಜಾತಕ ಹೇಳುವವರು ಇದ್ದಾರೆ. ಅದನ್ನು ಕೂತು ನೋಡುವವರೂ ಇದ್ದೇವೆ. ಆ ವಿಡಿಯೊ ಟ್ಯಾಬ್‌ನಲ್ಲಿ ನೋಡಿದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದು ಆಗಾಗ ಅನ್ನಿಸುವುದುಂಟು.

ಕಂಪನಿಯವರು ಬಾಯಿ ಬಿಡದಿರುವುದಕ್ಕೂ ಕಾರಣ ಇದೆ. ಅದರ ಹಿಂದೆಯೂ ನಮ್ಮದೇ ಕೈವಾಡ. 1981ರಲ್ಲಿ ಆಸ್‌ಬಾರ್ನ್ 1 ಎಂಬ ಕಂಪ್ಯೂಟರ್ ಬಂತು. ಸುಮಾರು 11 ಕೆಜಿ ತೂಕ, ಆದರೂ ಎತ್ತಿಕೊಂಡು ಓಡಾಡುವ ಕಂಪ್ಯೂಟರ್ ಅಂತಲೇ ಹೆಸರು, ಭರ್ಜರಿ ಮಾರಾಟ. ಆಮೇಲೆ ಅದರ ಯಜಮಾನರು ಇದಕ್ಕಿಂತ ಒಳ್ಳೆಯದು ಮುಂದೆ ಬರುತ್ತಿದೆ ಎಂದು ಮೊದಲೇ ಹೇಳಿಬಿಟ್ಟರು. ಹಾಗಾದರೆ ಕಾಯೋಣ ಎಂದು ಜನ ಕೈಕಟ್ಟಿ ಕೂತರು. 1983ರಲ್ಲಿ ಕಂಪನಿ ದಿವಾಳಿ. ಮುಳುಗಲು ಬೇರೆ ಕಾರಣಗಳೂ ಇದ್ದವು ಎಂದು ಬಲ್ಲವರು ವಾದಿಸುತ್ತಾರೆ. ವಾದಿಸಲಿ. ಏನೂ ಕೊಳ್ಳದೆ, ಏನೂ ಮಾಡದೆ, ಬರೀ ಕಾದು ಒಂದು ಕಂಪನಿಯನ್ನು ಮುಳುಗಿಸಿದ ಕೀರ್ತಿಯನ್ನು ನಾವು ಯಾಕೆ ಬಿಟ್ಟುಕೊಡಬೇಕು?

ಇನ್ನು ಕಾದು ಕಾದು ಸಿಗುವ ಹೊಸ ಮಾಡೆಲ್ ಹೇಗಿರುತ್ತದೆ? ವೇಗ ಜಾಸ್ತಿ. ಎಷ್ಟು ಜಾಸ್ತಿ ಎಂದು ಗ್ರಾಫ್ ತೋರಿಸುತ್ತಾರೆ. ಎರಡು ಗಂಟೆಯ ಸಿನಿಮಾ ಎಂ5 ಚಿಪ್ಪಿನಲ್ಲೂ ಎರಡೇ ಗಂಟೆ ಓಡುತ್ತದೆ ಎನ್ನುವುದು ಗ್ರಾಫಿನಲ್ಲಿ ಇರುವುದಿಲ್ಲ. ಬ್ಯಾಟರಿ? 2010ರ ಮೊದಲ ಐಪ್ಯಾಡ್‌ಗೆ ಹತ್ತು ಗಂಟೆ ಎಂದಿದ್ದರು. ಎಂ4 ಐಪ್ಯಾಡ್ ಪ್ರೊಗೂ ಹತ್ತೇ ಗಂಟೆ. ಮಾತಿಗೆ ತಪ್ಪದವರು. ತೆಳು ಮಾತ್ರ ನಿಜಕ್ಕೂ ತೆಳು. ಆ 13 ಇಂಚಿನ ಪ್ರೊ ಬರೀ 5.1 ಮಿಲಿಮೀಟರ್ ದಪ್ಪ. ಇಷ್ಟು ತೆಳುವಾದದ್ದು ಮುರಿದೀತು ಎಂದು ಹೆದರಿ ಅದಕ್ಕಿಂತ ದಪ್ಪ ಕವರ್ ಹಾಕುತ್ತೇವೆ. ಆಮೇಲೆ ಕೀಬೋರ್ಡ್. 2020ರ ದೊಡ್ಡ ಐಪ್ಯಾಡ್ ಪ್ರೊಗೆ ಬಂದ ಮ್ಯಾಜಿಕ್ ಕೀಬೋರ್ಡ್ ಐಪ್ಯಾಡ್‌ಗಿಂತಲೇ ಜಾಸ್ತಿ ತೂಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಅಲ್ಲಿಯ ತನಕ ಬರೀ ಗಾದೆಯಾಗಿತ್ತು. ಎಲ್ಲ ಜೋಡಿಸಿ ಎತ್ತಿದರೆ ಲ್ಯಾಪ್‌ಟಾಪ್ ಆಗಿರುತ್ತದೆ. ಅದು ನಿಮ್ಮ ಹತ್ತಿರ ಮೊದಲೇ ಇರುತ್ತದೆ.

ಕಾಯುವುದಕ್ಕೆ ವಿಜ್ಞಾನದ ಬೆಂಬಲವೂ ಇದೆ, ತಮಾಷೆ ಅಲ್ಲ. ಸ್ವಲ್ಪ ತಮಾಷೆ ಇದೆ. 1999ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಕೆಲವು ಖಗೋಳ ವಿಜ್ಞಾನಿಗಳು ಒಂದು ಲೆಕ್ಕ ಹಾಕಿದರು. ಕಂಪ್ಯೂಟರಿನ ಶಕ್ತಿ ಹದಿನೆಂಟು ತಿಂಗಳಿಗೊಮ್ಮೆ ಎರಡು ಪಟ್ಟು ಆಗುತ್ತಾ ಹೋದರೆ, ಸುಮಾರು 26 ತಿಂಗಳಿಗಿಂತ ಜಾಸ್ತಿ ಹಿಡಿಯುವ ಲೆಕ್ಕಾಚಾರವನ್ನು ಈಗಲೇ ಶುರು ಮಾಡಬಾರದು. ಸುಮ್ನೆ ಕೂತಿದ್ದು, ಆಮೇಲೆ ಹೊಸ ಕಂಪ್ಯೂಟರ್ ಕೊಂಡು ಶುರು ಮಾಡಿದರೆ ಬೇಗ ಮುಗಿಯುತ್ತದೆ. ಸೋಮಾರಿತನಕ್ಕೆ ಇಷ್ಟು ಚೆಂದದ ಸೂತ್ರ ಬೇರೆ ಯಾರೂ ಕೊಟ್ಟಿಲ್ಲ. ಅದು ನಕ್ಷತ್ರಗಳ ಲೆಕ್ಕ ಹಾಕುವವರಿಗೆ, ಮಲಗಿಕೊಂಡು ಸೀರಿಯಲ್ ನೋಡುವ ನಮಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬೇಡಿ. ಯಾವ ಸೀರಿಯಲ್ 26 ತಿಂಗಳಲ್ಲಿ ಮುಗಿದಿದೆ ಹೇಳಿ?

ಹೀಗೆ ಕಾಯುವವರ ಇತಿಹಾಸದಲ್ಲಿ ಒಂದೇ ಒಂದು ಸಲ ನಿಜವಾದ ಗೆಲುವು ಸಿಕ್ಕಿದೆ. 2011ರ ಜುಲೈ 1ಕ್ಕೆ ಎಚ್‌ಪಿ ಕಂಪನಿ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಯಾರೂ ತಿರುಗಿ ನೋಡಲಿಲ್ಲ. ಆಗಸ್ಟ್ 18ಕ್ಕೆ, ಅಂದರೆ ಏಳೇ ವಾರದಲ್ಲಿ, ಇದನ್ನು ನಿಲ್ಲಿಸುತ್ತೇವೆ ಎಂದು ಘೋಷಿಸಿದರು. ಉಳಿದ ಮಾಲು ಖಾಲಿ ಮಾಡಲು ಬೆಲೆಯನ್ನು ಐದರಲ್ಲಿ ಒಂದು ಭಾಗಕ್ಕೆ ಇಳಿಸಿದರು. ಜನ ಕಿತ್ತಾಡಿಕೊಂಡು ಕೊಂಡರು. ಸಾಲದೇ ಬಂದು ಕಂಪನಿ ಇನ್ನೊಂದು ಕಂತು ತಯಾರಿಸಬೇಕಾಯಿತು. ಬದುಕಿದ್ದಾಗ ಬೇಡವಾದದ್ದು ಸತ್ತ ಮೇಲೆ ಎಲ್ಲರಿಗೂ ಬೇಕಾಯಿತು.

ಎಲ್ಲರೂ ಇದಕ್ಕೆ ಬೆಲೆ ಇಳಿದದ್ದೇ ಕಾರಣ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂದಿನ ಮಾಡೆಲ್ ಬರುವುದಿಲ್ಲ ಎಂದು ಬರೆದುಕೊಟ್ಟ ಟ್ಯಾಬ್ಲೆಟ್ ಅದೊಂದೇ. ಕೊಂಡ ಮಾರನೇ ದಿನ ಹಳೇದಾಗುವ ಭಯ ಇಲ್ಲ. ಆಗಲೇ ಆಗಿದೆ. ಹಾಗಾಗಿ ಕಂಪನಿಗಳಿಗೆ ನನ್ನದೊಂದು ಸಲಹೆ. ಸುಮ್ನೆ ಗ್ರಾಫ್ ತೋರಿಸಿ ದಣಿಯಬೇಡಿ. ಪ್ರತಿ ಸಲ ವೇದಿಕೆ ಹತ್ತಿ, ಇದೇ ಕೊನೆಯದು, ಇನ್ನು ಮುಂದೆ ನಾವು ಟ್ಯಾಬ್ಲೆಟ್ ಮಾಡುವುದಿಲ್ಲ ಎಂದುಬಿಡಿ. ಕಾಯುವವರು ಅದೇ ದಿನ ಎದ್ದು ಬಂದು ಕೊಳ್ಳುತ್ತಾರೆ.

ಕೊಳ್ಳುತ್ತಾರೆ ಎಂದು ಹೇಳಿದೆ, ಆದರೆ ಒಂದು ತೊಡಕಿದೆ. 2019ರಲ್ಲಿ ಗೂಗಲ್ ಇನ್ನು ಟ್ಯಾಬ್ಲೆಟ್ ಸಹವಾಸ ಬೇಡ ಎಂದು ಕೈತೊಳೆದುಕೊಂಡಿತ್ತು. 2023ರಲ್ಲಿ ಪಿಕ್ಸೆಲ್ ಟ್ಯಾಬ್ಲೆಟ್ ತಂದಿತು. ಇನ್ನು ಮಾಡುವುದಿಲ್ಲ ಎಂದವರೇ ನಾಲ್ಕು ವರ್ಷದಲ್ಲಿ ಹೊಸದು ತರುತ್ತಾರೆ ಎಂದಾದರೆ, ನಾಲ್ಕು ವರ್ಷ ಕಾಯುವುದು ನಮಗೇನು ಕಷ್ಟ?