ಮಿದುಳಿನ ಆ ಜಾಗ ಬೆಳಗಿದರೂ ಮುಖದ ಗುರುತು ಸಿಗದವರಿದ್ದಾರೆ

ಮುಖ ಕಂಡಾಗ ಎಫ್‌ಎಂಆರ್‌ಐಯಲ್ಲಿ (ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್) ಮಿದುಳಿನ ಒಂದು ಜಾಗ ಬೆಳಗುತ್ತದೆ, ಅಲ್ಲೇ ಮುಖದ ಗುರುತು ಸಿಗುತ್ತದೆ ಅಂತ ಮುಖ ಗುರುತಿಸುವ ಬಗ್ಗೆ ಬಂದ ಲೇಖನದಲ್ಲಿದೆ. 1997ರಲ್ಲಿ ಮಿದುಳಿನ ವಿಜ್ಞಾನಿ ನ್ಯಾನ್ಸಿ ಕ್ಯಾನ್ವಿಶರ್ ಅವರ ತಂಡ ಆ ಜಾಗವನ್ನು ತೋರಿಸಿದ್ದು ನಿಜ. ನನಗೆ ಜಾಸ್ತಿ ನಂಬಿಕೆ ಬಂದದ್ದು 2012ರ ಪ್ರಯೋಗದಿಂದ: ಅದೇ ಜಾಗಕ್ಕೆ ಸಣ್ಣಗೆ ಕರೆಂಟ್ ಕೊಟ್ಟಾಗ ರೋಗಿಗೆ ಎದುರಿಗಿದ್ದ ವೈದ್ಯರ ಮುಖ ಮಾತ್ರ ಬೇರೆ ಯಾರದೋ ಥರ ಕಂಡಿತು, ಉಳಿದದ್ದೆಲ್ಲ ಹಾಗೇ ಇತ್ತು.

ಆದರೆ ನನ್ನ ಚಿಕ್ಕಮ್ಮನಿಗೆ ಹುಟ್ಟಿನಿಂದಲೇ ಮುಖ ನೋಡಿ ಗುರುತು ಸಿಗುವುದಿಲ್ಲ. ನಾನು ಬಾಗಿಲಲ್ಲಿ ಸುಮ್ನೆ ನಿಂತರೆ ಯಾರಪ್ಪಾ ಅನ್ನೋ ಹಾಗೆ ನೋಡುತ್ತಾರೆ, ಒಂದು ಸಲ ಕೆಮ್ಮಿದರೆ ಸಾಕು, ಹೆಸರು ಹಿಡಿದು ಕರೆಯುತ್ತಾರೆ. ಇಂಥವರಲ್ಲಿ ಕೆಲವರ ಸ್ಕ್ಯಾನ್‌ನಲ್ಲೂ ಆ ಜಾಗ ಮಾಮೂಲಿನಂತೆಯೇ ಬೆಳಗುತ್ತದೆ. ಅದನ್ನೂ ಬರೆಯಬೇಕಿತ್ತು, ಅಲ್ವಾ?